ಮುಳ್ಳು, ಮೊಸರು, ಮೆಚ್ನಿಕಾಫ್

ಕಳೆದ ಜೂನ್ ಮೊದಲ ವಾರ ನಮ್ಮ ಮನೆಯ ಆಡು ಎರಡು ಮರಿ ಹಾಕಿತು. ಮನೆ ಇರುವುದು ಕಾರ್ಕಳ ಪೇಟೆಯಿಂದ ಸ್ವಲ್ಪ ಒಳಗೆ. ಆಗಲೇ ಮಳೆ ಹಿಡಿದಿತ್ತು. ಒಂದು ತಿಂಗಳು ಎರಡೂ ಚೆನ್ನಾಗಿದ್ದವು, ಹಟ್ಟಿಯಿಂದ ಜಗಲಿಗೆ, ಜಗಲಿಯಿಂದ ನನ್ನ ಲ್ಯಾಪ್‌ಟಾಪ್ ಬ್ಯಾಗಿನ ಮೇಲೆ ಹಾರುತ್ತಿದ್ದವು. ಜುಲೈಯಲ್ಲಿ ಎರಡಕ್ಕೂ ಬೇಧಿ ಶುರುವಾಯಿತು. ಅಮ್ಮ ಮಜ್ಜಿಗೆ ಕುಡಿಸೋಣ ಅಂದರು. ನಾನು ಎಂಜಿನಿಯರಿಂಗ್ ಓದುವವ ಅಲ್ವಾ, ಪೇಟೆಗೆ ಹೋಗಿ ಒಂದು ಪ್ಯಾಕೆಟ್ ತಂದೆ. ಅದರ ಹಿಂದೆ ಲ್ಯಾಕ್ಟೋಬ್ಯಾಸಿಲಸ್, ಯೀಸ್ಟ್, ನಾಲ್ಕೈದು ಕಿಣ್ವಗಳ ಹೆಸರು, ಪ್ರತಿ ಗ್ರಾಮಿಗೆ ಎಷ್ಟು ಕೋಟಿ ಅಂತ ಲೆಕ್ಕ, ಎಲ್ಲ ಬರೆದಿತ್ತು. ಲೆಕ್ಕ ಇದ್ದ ಮೇಲೆ ನಂಬದೆ ಇರುವುದು ಹೇಗೆ? ಎರಡು ದಿನ ಅದನ್ನೇ ಕುಡಿಸಿದೆವು. ಮೂರನೇ ದಿನ ಬೆಳಿಗ್ಗೆ ಸಣ್ಣ ಮರಿ ಎದ್ದೇಳಲಿಲ್ಲ.

ಉಳಿದದ್ದನ್ನು ಗೋಣಿಯಲ್ಲಿ ಸುತ್ತಿ ಪಶು ಆಸ್ಪತ್ರೆಗೆ ಕೊಂಡುಹೋದೆ. ಅಲ್ಲಿ ಏನಾಯಿತು ಅಂತ ಕೊನೆಗೆ ಹೇಳುತ್ತೇನೆ. ಆ ರಾತ್ರಿ ನಿದ್ದೆ ಬರಲಿಲ್ಲ, ಸಿಟ್ಟು ಬಂದಿತ್ತು. ಬ್ಯಾಕ್ಟೀರಿಯಾ ತಿನ್ನಿಸಿದರೆ ಹೊಟ್ಟೆ ಸರಿಯಾಗುತ್ತದೆ ಎಂಬ ಯೋಚನೆಯನ್ನು ಮೊದಲು ಲೋಕಕ್ಕೆ ಹೇಳಿದ ಮನುಷ್ಯ ಯಾರು ಅಂತ ಹುಡುಕುತ್ತಾ ಕೂತೆ. ಸಿಕ್ಕಿದ್ದು ಇಲ್ಯಾ ಮೆಚ್ನಿಕಾಫ್. 1908ರ ನೊಬೆಲ್ ಪಡೆದವನು. ಬಯಾಲಜಿ ಪುಸ್ತಕದಲ್ಲಿ ಬಿಳಿ ರಕ್ತಕಣದ ಪಾಠದಲ್ಲಿ ಒಂದು ಸಾಲಾಗಿ ಬಂದು ಹೋಗಿದ್ದ. ಆ ಒಂದು ಸಾಲಿನ ಹಿಂದೆ ಇಷ್ಟು ದೊಡ್ಡ ರಾಮಾಯಣ ಉಂಟು ಅಂತ ಗೊತ್ತಿರಲಿಲ್ಲ.

ಮೆಚ್ನಿಕಾಫ್ ಹುಟ್ಟಿದ್ದು 1845ರ ಮೇ ತಿಂಗಳಲ್ಲಿ, ಇಂದಿನ ಯುಕ್ರೇನಿನ ಖಾರ್ಕಿವ್ ಊರಿನ ಹತ್ತಿರದ ಹಳ್ಳಿ ಕಡೆಯ ಜಮೀನ್ದಾರಿ ಮನೆಯಲ್ಲಿ. ಅಪ್ಪ ರಷ್ಯಾ ಚಕ್ರವರ್ತಿಯ ಕಾವಲು ಸೈನ್ಯದಲ್ಲಿ ಅಧಿಕಾರಿ. ಐದು ಮಕ್ಕಳಲ್ಲಿ ಇವನೇ ಕಿರಿಯವ. ಗಿಡ, ಹುಳ, ಕಪ್ಪೆ ಅಂತ ಚಿಕ್ಕಂದಿನಿಂದಲೇ ಹುಚ್ಚು. ಖಾರ್ಕಿವ್ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷದ ಕೋರ್ಸನ್ನು ಎರಡೇ ವರ್ಷದಲ್ಲಿ ಮುಗಿಸಿದ. (ನಾಲ್ಕು ವರ್ಷದ್ದನ್ನು ಐದಕ್ಕೆ ಎಳೆಯುವ ನಮ್ಮಲ್ಲಿ ಕೆಲವರು ಈ ಸಾಲನ್ನು ಬಿಟ್ಟು ಓದಬಹುದು.) ಆಮೇಲೆ ಜರ್ಮನಿ, ಇಟಲಿ ಸುತ್ತಿದ. 22ನೇ ವಯಸ್ಸಿಗೆ ಕಪ್ಪು ಸಮುದ್ರದ ದಡದ ಒಡೆಸ್ಸಾದಲ್ಲಿ ಅಧ್ಯಾಪಕನಾದ. ಕ್ಲಾಸಿನಲ್ಲಿ ಕೂತ ಕೆಲವರು ಅವನಿಗಿಂತ ದೊಡ್ಡವರು.

ಜರ್ಮನಿಯ ಗೀಸನ್ ಊರಿನಲ್ಲಿದ್ದಾಗ, 1865ರಲ್ಲಿ, ಅವನೊಂದು ಸಣ್ಣ ಸಂಗತಿ ಕಂಡಿದ್ದ. ಅದು ಚಪ್ಪಟೆ ಹುಳ. ನಮ್ಮ ಹೊಟ್ಟೆಯಲ್ಲಿ ಊಟ ಕರಗುವುದು ಜೀವಕೋಶಗಳ ಹೊರಗೆ: ಕಿಣ್ವಗಳು ಸುರಿಯುತ್ತವೆ, ಅನ್ನ ಕರಗುತ್ತದೆ, ಕರಗಿದ್ದನ್ನು ಕರುಳು ಹೀರಿಕೊಳ್ಳುತ್ತದೆ. ಆ ಹುಳದಲ್ಲಿ ಹಾಗಲ್ಲ. ಕೋಶಗಳೇ ಆಹಾರದ ಚೂರನ್ನು ಇಡಿಯಾಗಿ ನುಂಗಿ ತಮ್ಮೊಳಗೆ ಕರಗಿಸುತ್ತಿದ್ದವು. ಕೋಶಕ್ಕೂ ಹೊಟ್ಟೆ ಉಂಟು, ಹಸಿವು ಉಂಟು ಅಂತ ಹೇಳಿದ ಹಾಗೆ. ಆಗ ಅದರಿಂದ ದೊಡ್ಡದೇನೂ ಹೊರಡಲಿಲ್ಲ. ಆದರೆ ಮುಂದೆ ಅವನು ಮಾಡಿದ್ದೆಲ್ಲ ಒಂದು ರೀತಿ ಜೀರ್ಣಕ್ರಿಯೆಯ ಕಥೆಯೇ. ಯಾರು ಯಾರನ್ನು ತಿನ್ನುತ್ತಾರೆ, ಎಲ್ಲಿ ಕರಗಿಸುತ್ತಾರೆ ಎಂಬ ಪ್ರಶ್ನೆ ಅವನನ್ನು ಬಿಡಲೇ ಇಲ್ಲ.

1869ರಲ್ಲಿ ಮದುವೆಯಾಯಿತು. ಹುಡುಗಿ ಲ್ಯುಡ್ಮಿಲಾಳಿಗೆ ಕ್ಷಯ. ಮದುವೆಯ ದಿನ ನಡೆಯಲು ತ್ರಾಣ ಇಲ್ಲದೆ ಅವಳನ್ನು ಕುರ್ಚಿಯಲ್ಲಿ ಕೂರಿಸಿ ಚರ್ಚಿಗೆ ಹೊತ್ತುಕೊಂಡು ಹೋದರು. ನಾಲ್ಕು ವರ್ಷ ಇಬ್ಬರದ್ದೂ ಒಂದೇ ಕೆಲಸ, ಬಿಸಿಲಿರುವ ಊರು ಹುಡುಕುವುದು. ಅವನ ಕಣ್ಣೂ ಕೆಟ್ಟಿತ್ತು, ಮೈಕ್ರೊಸ್ಕೋಪ್ ನೋಡಲಾಗುತ್ತಿರಲಿಲ್ಲ. ಸಾಲ, ಅನುವಾದದ ಕೂಲಿ, ಮತ್ತೆ ಹಡಗು. 1873ರ ಏಪ್ರಿಲ್‌ನಲ್ಲಿ ಅಟ್ಲಾಂಟಿಕ್ ಸಾಗರದ ಮದೀರಾ ದ್ವೀಪದಲ್ಲಿ ಅವಳು ತೀರಿಕೊಂಡಳು. ವಾಪಸ್ ಬರುವ ದಾರಿಯಲ್ಲಿ ಮೆಚ್ನಿಕಾಫ್ ಜೀವ ತೆಗೆದುಕೊಳ್ಳಲು ಯತ್ನಿಸಿ ಉಳಿದುಕೊಂಡ. ಅದಾದ ಮೇಲೂ ಮನಸ್ಸು ತಿರುಗಿರಲಿಲ್ಲ. ಜಿನೀವಾದ ಒಂದು ಸೇತುವೆಯ ಹತ್ತಿರ ದೀಪದ ಸುತ್ತ ಸುತ್ತುತ್ತಿದ್ದ ಹುಳಗಳನ್ನು ಕಂಡು ನಿಂತನಂತೆ. ಮೊದಲ ಮಳೆಗೆ ನಮ್ಮ ಹಾಸ್ಟೆಲಿನ ಟ್ಯೂಬ್‌ಲೈಟಿಗೆ ಮುತ್ತುತ್ತವಲ್ಲ, ಹಾಗೆ. ಇಷ್ಟು ಸ್ವಲ್ಪ ಹೊತ್ತು ಬದುಕುವ, ಸರಿಯಾಗಿ ತಿನ್ನಲೂ ಸಮಯವಿಲ್ಲದ ಜೀವಿಗೆ ಡಾರ್ವಿನ್ ಹೇಳಿದ ಆಯ್ಕೆ ಹೇಗೆ ಅನ್ವಯವಾಗುತ್ತದೆ ಎಂಬ ಪ್ರಶ್ನೆ ತಲೆಗೆ ಬಂತು. ಪ್ರಶ್ನೆ ಬಂದ ಮೇಲೆ ಉತ್ತರ ಬೇಕಲ್ಲ. ಹಾಗೆ ಬದುಕಿಗೆ ವಾಪಸ್ ಬಂದ ಅಂತ ಮುಂದೆ ಅವನ ಜೀವನಚರಿತ್ರೆ ಬರೆದ ಹೆಂಡತಿ ದಾಖಲಿಸಿದ್ದಾಳೆ. ಅಷ್ಟು ಸುಲಭವಾಗಿ ಆಯಿತು ಅಂತ ನನಗೆ ಅನಿಸುವುದಿಲ್ಲ. ಅವನ ಗೆಳೆಯರು ಸುತ್ತ ಇದ್ದರು, ಒಡೆಸ್ಸಾದಲ್ಲಿ ಕೆಲಸ ಕಾಯುತ್ತಿತ್ತು. ಅದೂ ಲೆಕ್ಕಕ್ಕೆ ಬರುತ್ತದೆ.

ಆ ಹೆಂಡತಿ ಓಲ್ಗಾ. ಒಡೆಸ್ಸಾದಲ್ಲಿ ಅವನ ಮನೆಯ ಮೇಲಿನ ಮಾಳಿಗೆಯಲ್ಲಿ ದೊಡ್ಡ ಸಂಸಾರವೊಂದಿತ್ತು, ಗಲಾಟೆಯೋ ಗಲಾಟೆ. ಆ ಮನೆಯ ಹುಡುಗಿಗೆ ಪ್ರಾಣಿಶಾಸ್ತ್ರ ಹೇಳಿಕೊಡಲು ಹೋಗಿ 1875ರಲ್ಲಿ ಮದುವೆಯೇ ಆಯಿತು. 1880ರಲ್ಲಿ ಓಲ್ಗಾಗೆ ಟೈಫಾಯ್ಡ್ ಬಂದು ಸಾವಿನ ಬಾಗಿಲಿಗೆ ಹೋಗಿ ಬಂದಳು. ಮರುವರ್ಷ ಚಕ್ರವರ್ತಿಯ ಕೊಲೆಯಾಗಿ ವಿಶ್ವವಿದ್ಯಾಲಯದ ತುಂಬ ಪೊಲೀಸು, ರಾಜಕೀಯ. ಅದೇ ವರ್ಷ ಅವನ ಅಣ್ಣ ಇವಾನ್ ಸತ್ತ. ನ್ಯಾಯಾಧೀಶನಾಗಿದ್ದ ಈ ಅಣ್ಣನ ಸಾವನ್ನೇ ಟಾಲ್‌ಸ್ಟಾಯ್ ಇವಾನ್ ಇಲ್ಯಿಚ್‌ನ ಕಥೆಗೆ ಎತ್ತಿಕೊಂಡದ್ದು. ಮೆಚ್ನಿಕಾಫ್ ಎರಡನೇ ಸಲ ಕುಸಿದ. ಜ್ವರದ ರೋಗಿಯ ರಕ್ತವನ್ನು ತನ್ನ ಮೈಗೆ ಸೇರಿಸಿಕೊಂಡ. ಸತ್ತರೆ ಸಾಯುವುದು, ಜೊತೆಗೆ ಆ ಜ್ವರ ರಕ್ತದಿಂದ ಹರಡುತ್ತದೋ ಅಂತ ಗೊತ್ತಾದ ಹಾಗೂ ಆಯಿತು ಎಂಬ ಲೆಕ್ಕಾಚಾರ. ಜ್ವರ ಬಂತು, ಜೋರಾಗಿಯೇ ಬಂತು, ಬಿಟ್ಟಿತು. ಎದ್ದವನಿಗೆ ಬದುಕಿನ ಮೇಲೆ ಹೊಸ ಆಸೆ ಹುಟ್ಟಿತ್ತು. 36 ವರ್ಷ ಆಗಿತ್ತು. ನಾವು ನೆನಪಿಟ್ಟುಕೊಂಡ ಕೆಲಸ ಒಂದೂ ಅಲ್ಲಿವರೆಗೆ ಆಗಿರಲಿಲ್ಲ.

1882ರಲ್ಲಿ ಕೆಲಸಕ್ಕೆ ರಾಜೀನಾಮೆ ಕೊಟ್ಟು ಓಲ್ಗಾ, ಅವಳ ತಮ್ಮ ತಂಗಿಯಂದಿರನ್ನು ಕರೆದುಕೊಂಡು ಇಟಲಿಯ ಸಿಸಿಲಿ ದ್ವೀಪದ ಮೆಸ್ಸೀನಾಕ್ಕೆ ಹೋದ. ಸಮುದ್ರದ ಬದಿಯ ಮನೆ, ಹಾಲ್‌ನಲ್ಲೇ ಲ್ಯಾಬ್. ಒಂದು ದಿನ ಮನೆಯವರೆಲ್ಲ ಸರ್ಕಸ್ಸಿನ ಕೋತಿ ನೋಡಲು ಹೋದರು. ಇವನೊಬ್ಬ ಮೈಕ್ರೊಸ್ಕೋಪಿನ ಮುಂದೆ. ತಟ್ಟೆಯಲ್ಲಿ ನಕ್ಷತ್ರ ಮೀನಿನ ಮರಿಗಳು. ಗಾಜಿನ ಹಾಗೆ ಪಾರದರ್ಶಕ, ಒಳಗೆ ಓಡಾಡುವ ಕೋಶಗಳು ಕಾಣುತ್ತವೆ. ಆ ಕೋಶಗಳು ಸುಮ್ಮನೆ ಅಲೆಯುತ್ತಿಲ್ಲ, ಹೊರಗಿನಿಂದ ನುಗ್ಗಿದ್ದನ್ನು ಹಿಡಿಯಲು ಇವೆ ಎಂಬ ಊಹೆ ಹೊಳೆಯಿತು. ಗೀಸನ್‌ನ ಹುಳ ನೆನಪಿರಬೇಕಲ್ಲ, ಕೋಶ ನುಂಗುತ್ತದೆ. ಊಟವನ್ನು ನುಂಗುವ ಕೋಶ ಶತ್ರುವನ್ನೂ ಯಾಕೆ ನುಂಗಬಾರದು? ನಮಗೆ ಬೆರಳಿಗೆ ಮುಳ್ಳು ಚುಚ್ಚಿದರೆ ಕೀವು ತುಂಬುತ್ತದೆ. ಈ ಮರಿಗಳಿಗೆ ರಕ್ತನಾಳವೂ ಇಲ್ಲ, ನರವೂ ಇಲ್ಲ ಎನ್ನುವಷ್ಟು ಸರಳ ಮೈ. ಇದಕ್ಕೆ ಮುಳ್ಳು ಚುಚ್ಚಿದರೆ?

ತೋಟದಲ್ಲಿ ಮಕ್ಕಳಿಗೆ ಕ್ರಿಸ್‌ಮಸ್ ಗಿಡ ಅಂತ ಒಂದು ಸಣ್ಣ ಕಿತ್ತಳೆ ಗಿಡವನ್ನು ಅಲಂಕರಿಸಿಟ್ಟಿದ್ದರು. ಅಲ್ಲಿಂದ ಗುಲಾಬಿ ಮುಳ್ಳು ತಂದು ಮರಿಗಳ ಚರ್ಮದಡಿಗೆ ಚುಚ್ಚಿ ಮಲಗಲು ಹೋದ. ನಿದ್ದೆ ಎಲ್ಲಿಂದ? ಬೆಳಗಾಗುವ ಮೊದಲೇ ಎದ್ದು ನೋಡಿದರೆ ಮುಳ್ಳಿನ ಸುತ್ತ ಕೋಶಗಳು ಮುತ್ತಿಕೊಂಡಿದ್ದವು. ನನಗೆ ಈ ಪ್ರಯೋಗ ಇಷ್ಟವಾಗುವುದು ಅದರ ಬಜೆಟ್ ನೋಡಿ. ಒಂದು ಮುಳ್ಳು, ಒಂದು ರಾತ್ರಿ. ನಮ್ಮ ಫೈನಲ್ ಇಯರ್ ಪ್ರಾಜೆಕ್ಟಿಗೆ ಇಷ್ಟು ಸಣ್ಣ ಪ್ರಪೋಸಲ್ ಕೊಟ್ಟರೆ ಗೈಡ್ ಎಂತ ಹೇಳುತ್ತಾರೆ ಅಂತ ಬೇರೆ ಹೇಳಬೇಕಾಗಿಲ್ಲ.

ವಿಯೆನ್ನಾದಲ್ಲಿ ಪ್ರಾಣಿಶಾಸ್ತ್ರಜ್ಞ ಕ್ಲಾಸ್ ಈ ಕೋಶಗಳಿಗೆ ಗ್ರೀಕ್‌ನಿಂದ ಫ್ಯಾಗೊಸೈಟ್ ಎಂಬ ಹೆಸರು ಹುಡುಕಿಕೊಟ್ಟ. ತಿನ್ನುವ ಕೋಶ ಅಂತ ಅರ್ಥ, ಕನ್ನಡದಲ್ಲಿ ಭಕ್ಷಕ ಕೋಶ ಅನ್ನುತ್ತಾರೆ. 1884ರಲ್ಲಿ ಡ್ಯಾಫ್ನಿಯಾ ಎಂಬ ನೀರಿನ ಚಿಗಟದಲ್ಲಿ ಇದೇ ಯುದ್ಧ ತೋರಿಸಿದ. ಒಂದು ಬಗೆಯ ಯೀಸ್ಟ್ ಅದರ ಮೈಗೆ ನುಗ್ಗುತ್ತದೆ. ಕೋಶಗಳು ನುಂಗಿ ಕರಗಿಸಿದರೆ ಚಿಗಟ ಬದುಕುತ್ತದೆ, ಸೋತರೆ ಸಾಯುತ್ತದೆ. ಜರ್ಮನಿಯ ಪಂಡಿತರು ಒಪ್ಪಲಿಲ್ಲ. ರೋಗ ತಡೆಯುವುದು ರಕ್ತದ ರಸ, ಬಿಳಿ ಕೋಶಗಳು ರೋಗಾಣುವನ್ನು ಮೈತುಂಬ ಹೊತ್ತು ತಿರುಗುವ ಗಾಡಿಗಳು ಮಾತ್ರ ಎಂಬುದು ಅವರ ವಾದ. ಈ ಜಗಳ ಇಪ್ಪತ್ತು ವರ್ಷಕ್ಕೂ ಮೇಲೆ ನಡೆಯಿತು. ಎರಡೂ ಕಡೆ ಸರಿ ಅಂತ ಆಮೇಲೆ ಗೊತ್ತಾಯಿತು. 1908ರ ನೊಬೆಲನ್ನು ರಸದ ಪಕ್ಷದ ಪಾಲ್ ಎರ್ಲಿಕ್‌ಗೂ ಕೋಶದ ಪಕ್ಷದ ಮೆಚ್ನಿಕಾಫ್‌ಗೂ ಹಂಚಿಯೇ ಕೊಟ್ಟದ್ದು.

ಈಗ ಕುರಿಗಳ ಪ್ರಸಂಗ. ಪ್ಯಾಸ್ಚರ್ ಹುಚ್ಚುನಾಯಿ ಲಸಿಕೆ ಕಂಡುಹಿಡಿದ ಮೇಲೆ, 1886ರಲ್ಲಿ ಒಡೆಸ್ಸಾದಲ್ಲಿ ಬ್ಯಾಕ್ಟೀರಿಯಾ ಸಂಶೋಧನೆಯ ಸಂಸ್ಥೆ ಶುರುವಾಯಿತು. ಮುಖ್ಯಸ್ಥ ಮೆಚ್ನಿಕಾಫ್. ಊರಿನ ಡಾಕ್ಟರುಗಳಿಗೆ ಕಣ್ಣುರಿ, ಇವನು ಡಾಕ್ಟರೇ ಅಲ್ಲವಲ್ಲ ಅಂತ. ರೈತರು ಕುರಿಗಳಿಗೆ ಆಂಥ್ರಾಕ್ಸ್ ಲಸಿಕೆ ಕೇಳಿದರು. ಇವನು ಊರಲ್ಲಿ ಇಲ್ಲದಾಗ ಸಹಾಯಕರು ತಯಾರಿಸಿದ ಲಸಿಕೆ ಹಾಕಿದ್ದೇ ತಡ, ಸಾವಿರಾರು ಕುರಿಗಳು ಸತ್ತುಬಿದ್ದವು. ಕಾಪಾಡಲು ಕೊಟ್ಟದ್ದೇ ಕೊಂದಿತು. ನಮ್ಮ ಹಟ್ಟಿಯ ಒಂದು ಮರಿಗೆ ನನಗೆ ಅಷ್ಟು ಆಗಿತ್ತು. ಹಿಂಡು ಕಳೆದುಕೊಂಡವರ ಎದುರು ನಿಲ್ಲುವುದು ಹೇಗೆ ಅಂತ ಓದುತ್ತಾ ಯೋಚಿಸಿದೆ. ಮೆಚ್ನಿಕಾಫ್ ನಿಲ್ಲಲಿಲ್ಲ. 1888ರಲ್ಲಿ ಪ್ಯಾರಿಸ್ಸಿಗೆ ಹೋದ. ಪ್ಯಾಸ್ಚರ್ ತನ್ನ ಹೊಸ ಸಂಸ್ಥೆಯಲ್ಲಿ ಅವನಿಗೊಂದು ಲ್ಯಾಬ್ ಕೊಟ್ಟ. ಉಳಿದ 28 ವರ್ಷ ಅಲ್ಲೇ.

ಒಡೆಸ್ಸಾದ ಒಬ್ಬ ಶಿಷ್ಯನೂ ಹಿಂದೆಯೇ ಪ್ಯಾರಿಸ್ಸಿಗೆ ಬಂದ. ಹೆಸರು ವಾಲ್ಡೆಮಾರ್ ಹಾಫ್‌ಕಿನ್. ಲ್ಯಾಬಿನಲ್ಲಿ ಜಾಗ ಇಲ್ಲದೆ ಲೈಬ್ರರಿ ಕೆಲಸಕ್ಕೆ ಸೇರಿದವ ಕಾಲರಾ ಲಸಿಕೆ ಮಾಡಿ ಮೊದಲು ತನಗೇ ಚುಚ್ಚಿಕೊಂಡ, 1893ರಲ್ಲಿ ಇಂಡಿಯಾಕ್ಕೆ ಬಂದ, 1897ರಲ್ಲಿ ಮುಂಬೈಯಲ್ಲಿ ಪ್ಲೇಗ್ ಲಸಿಕೆ ಸಿದ್ಧಪಡಿಸಿದ. 1898ರಲ್ಲಿ ಹುಬ್ಬಳ್ಳಿಗೆ ಪ್ಲೇಗ್ ಬಂದಾಗ ಸಾವಿರಾರು ಜನ ಚುಚ್ಚಿಸಿಕೊಂಡದ್ದು ಇದೇ ಲಸಿಕೆ. ಅದೇ ವರ್ಷ ಬೆಂಗಳೂರಿಗೂ ಪ್ಲೇಗ್ ಕಾಲಿಟ್ಟಿತ್ತು. ನಮ್ಮ ಊರುಗಳಲ್ಲಿ ಹಳಬರು ಪ್ಲೇಗಮ್ಮನ ಕಥೆ ಹೇಳುತ್ತಾರಲ್ಲ, ಆ ಕಥೆಯ ಇನ್ನೊಂದು ತುದಿ ಒಡೆಸ್ಸಾದ ಕ್ಲಾಸ್‌ರೂಮಿನಲ್ಲಿ ಉಂಟು.

ಪ್ರೊಬಯಾಟಿಕ್ ಯೋಚನೆಯ ಬೇರು ಮೊಸರಲ್ಲಿ ಅಂತ ಎಲ್ಲರೂ ಬರೆಯುತ್ತಾರೆ. ನನಗೆ ಅನಿಸುವುದು ಅದು ಕಾಲರಾದಲ್ಲಿ ಅಂತ. 1892ರಲ್ಲಿ ಫ್ರಾನ್ಸಿಗೆ ಕಾಲರಾ ಬಂತು. ಒಂದೇ ನೀರು ಕುಡಿದವರಲ್ಲಿ ಕೆಲವರು ಸಾಯುತ್ತಾರೆ, ಕೆಲವರಿಗೆ ಏನೂ ಆಗುವುದಿಲ್ಲ. ಯಾಕೆ? ಮೆಚ್ನಿಕಾಫ್ ಕಾಲರಾ ಬ್ಯಾಕ್ಟೀರಿಯಾವನ್ನು ತಾನೇ ಕುಡಿದ. ಏನೂ ಆಗಲಿಲ್ಲ. ಲ್ಯಾಬಿನವನೊಬ್ಬ ಕುಡಿದ, ಅವನಿಗೂ ಆಗಲಿಲ್ಲ. ಇನ್ನೊಬ್ಬ ಸ್ವಯಂಸೇವಕ ಕುಡಿದು ಸಾಯುವ ಹಾಗಾಗಿ ಹೇಗೋ ಉಳಿದ. ಇವತ್ತಾದರೆ ಎಥಿಕ್ಸ್ ಕಮಿಟಿ ಇವನನ್ನು ಗೇಟಿನೊಳಗೆ ಬಿಡುತ್ತಿರಲಿಲ್ಲ, ಬಿಡಲೂಬಾರದು. ಆಮೇಲೆ ಗಾಜಿನ ತಟ್ಟೆಯಲ್ಲಿ ಕಾಲರಾ ಬ್ಯಾಕ್ಟೀರಿಯಾದ ಜೊತೆ ಬೇರೆ ಬೇರೆ ಸೂಕ್ಷ್ಮಜೀವಿ ಬೆಳೆಸಿ ನೋಡಿದ. ಕೆಲವು ಅದಕ್ಕೆ ಗೊಬ್ಬರದ ಹಾಗೆ, ಕೆಲವು ಅದನ್ನು ಬೆಳೆಯಲು ಬಿಡುವುದೇ ಇಲ್ಲ. ಹಾಗಾದರೆ ರೋಗ ಬರುವುದೂ ಬಿಡುವುದೂ ಆ ಮನುಷ್ಯನ ಕರುಳಲ್ಲಿ ಮೊದಲೇ ಯಾರು ಬಿಡಾರ ಹೂಡಿದ್ದಾರೆ ಎಂಬುದರ ಮೇಲೆ! ಅದೇ ಸಂಸ್ಥೆಯ ಆನ್ರಿ ಟಿಸ್ಸಿಯೆ 1900ರ ಸುಮಾರಿಗೆ ತಾಯಿಹಾಲು ಕುಡಿಯುವ ಶಿಶುಗಳ ಕರುಳಲ್ಲಿ ವೈ ಅಕ್ಷರದ ಹಾಗೆ ಕವಲೊಡೆದ ಬ್ಯಾಕ್ಟೀರಿಯಾ ತುಂಬಿರುವುದನ್ನು ಕಂಡ. ಇವತ್ತು ಪ್ಯಾಕೆಟ್ ಮೇಲೆ ಕಾಣುವ ಬಿಫಿಡೊಬ್ಯಾಕ್ಟೀರಿಯಂ ಅದೇ.

ಇಲ್ಲಿವರೆಗೆ ಎಲ್ಲ ಗಟ್ಟಿ. ಮುಂದೆ ಮೆಚ್ನಿಕಾಫ್ ಸ್ವಲ್ಪ ಜಾರಿದ. ಐವತ್ತು ದಾಟಿದ ಮೇಲೆ ಮುಪ್ಪಿನ ಚಿಂತೆ ಹತ್ತಿತು. ಎರಡು ಸಲ ಸಾಯಲು ಹೊರಟವನಿಗೆ ಈಗ ಬದುಕು ಸಾಕಾಗಲಿಲ್ಲ. ಮುಪ್ಪಿನ ಅಧ್ಯಯನಕ್ಕೆ ಜೆರಂಟಾಲಜಿ ಎಂಬ ಹೆಸರನ್ನೂ 1903ರಲ್ಲಿ ಇವನೇ ಇಟ್ಟ. ಮುಪ್ಪಿಗೆ ಕಾರಣ ಯಾರು ಅಂತ ಹುಡುಕಿ ದೊಡ್ಡ ಕರುಳಿನ ಮೇಲೆ ಬೆರಳಿಟ್ಟ. ಅಲ್ಲಿ ಆಹಾರ ಕೊಳೆಯುತ್ತದೆ, ಕೊಳೆಸುವ ಬ್ಯಾಕ್ಟೀರಿಯಾ ವಿಷ ಬಿಡುತ್ತವೆ, ಆ ವಿಷ ನಿಧಾನವಾಗಿ ನಮ್ಮನ್ನು ಮುದಿ ಮಾಡುತ್ತದೆ. ಮನುಷ್ಯನಿಗೆ ದೊಡ್ಡ ಕರುಳು ಬೇಡದ ಅಂಗ. ಗಿಣಿಯಂಥ ಹಕ್ಕಿಗಳಿಗೆ ಕರುಳು ಗಿಡ್ಡ, ಆಯುಸ್ಸು ದೀರ್ಘ, ನೋಡಿ ಅಂದ. ಈ ಮಾತು ಕೇಳಿಕೊಂಡು ಲಂಡನ್ನಿನ ಒಬ್ಬ ದೊಡ್ಡ ಸರ್ಜನ್ ಮಲಬದ್ಧತೆಯ ರೋಗಿಗಳ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆಯುತ್ತಿದ್ದ. ಮೆಚ್ನಿಕಾಫ್‌ನ ದಾರಿ ಅಷ್ಟು ಭೀಕರ ಅಲ್ಲ, ಮೊಸರು. ಹಾಲು ಹುಳಿಯಾದರೆ ಕೆಡುವುದಿಲ್ಲ, ಹುಳಿ ಮಾಡುವ ಬ್ಯಾಕ್ಟೀರಿಯಾ ಕೊಳೆಸುವವನ್ನು ತಡೆಯುತ್ತದೆ. ಹಾಗಾದರೆ ಕರುಳಲ್ಲೂ ತಡೆಯಬೇಕು. ಬಲ್ಗೇರಿಯಾದ ಹಳ್ಳಿಗಳಲ್ಲಿ ನೂರು ದಾಟಿದವರು ತುಂಬ ಇದ್ದಾರೆ, ಅವರು ಮೊಸರು ತಿನ್ನುತ್ತಾರೆ ಎಂಬ ಸುದ್ದಿ ಇತ್ತು. ಆ ಮೊಸರಿನ ಬ್ಯಾಕ್ಟೀರಿಯಾವನ್ನು ಬಲ್ಗೇರಿಯಾದ ವಿದ್ಯಾರ್ಥಿ ಸ್ಟಾಮೆನ್ ಗ್ರಿಗೊರೊವ್ 1905ರಲ್ಲಿ ಜಿನೀವಾದ ಲ್ಯಾಬಿನಲ್ಲಿ ಗುರುತಿಸಿದ. ಆಗ ಅವನೂ ನಮ್ಮ ನಿಮ್ಮ ವಯಸ್ಸಿಗಿಂತ ನಾಲ್ಕೈದು ವರ್ಷ ದೊಡ್ಡವ, ಅಷ್ಟೇ.

1904ರಲ್ಲಿ ಪ್ಯಾರಿಸ್ಸಿನಲ್ಲಿ ಮೆಚ್ನಿಕಾಫ್ ಮುಪ್ಪಿನ ಬಗ್ಗೆ ಭಾಷಣ ಮಾಡಿದ. ಮರುದಿನದಿಂದ ಮೊಸರಿಗೆ ಗಿರಾಕಿಗಳು ಸಾಲು ನಿಂತರು. ಅಂಗಡಿಗಳಲ್ಲಿ ಮೊಸರಿನ ಮಾತ್ರೆ, ಮೊಸರಿನ ಪುಡಿ. ಅವನ ಹೆಸರನ್ನು ಯಾರು ಯಾರೋ ಜಾಹೀರಾತಿಗೆ ಬಳಸಿಕೊಂಡರು. ಅವನು ಮಾತ್ರ ದಿನಾ ಕಾಯಿಸಿದ ಹಾಲಿಗೆ ಶುದ್ಧ ಹೆಪ್ಪು ಹಾಕಿ ಮೊಸರು ತಿಂದ, ಹಸಿ ತರಕಾರಿ ಹಣ್ಣು ಮುಟ್ಟಲಿಲ್ಲ. ಮೂರು ಹೊತ್ತೂ ಮಜ್ಜಿಗೆ ಕುಡಿಯುವ ನಮ್ಮೂರ ಅಜ್ಜಂದಿರಿಗೆ ಇದನ್ನೆಲ್ಲ ಹೇಳಿದರೆ ನಗುತ್ತಾರೆ, ಮಾರಾಯ್ರೆ.

ಇಷ್ಟು ಓದಿದಾಗ ನನಗೆ ಹಟ್ಟಿಯ ತಾಯಿ ಆಡು ನೆನಪಾಯಿತು. ಮೆಚ್ನಿಕಾಫ್ ಆಡಿನ ಹೊಟ್ಟೆಯನ್ನು ಸರಿಯಾಗಿ ನೋಡಿದ್ದರೆ ಇಷ್ಟು ಖಡಾಖಂಡಿತವಾಗಿ ಮಾತಾಡುತ್ತಿರಲಿಲ್ಲವೇನೋ. ಯಾಕೆಂದರೆ ಆಡು ಬದುಕುವುದೇ ಕೊಳೆಸಿ. ಹಲಸಿನ ಸೊಪ್ಪಿನಲ್ಲಿರುವ ನಾರನ್ನು, ಅಂದರೆ ಸೆಲ್ಯುಲೋಸನ್ನು ಒಡೆಯುವ ಕಿಣ್ವ ಆಡಿನ ಮೈ ತಯಾರಿಸುವುದಿಲ್ಲ. ಅದರ ನಾಲ್ಕು ಕೋಣೆಯ ಹೊಟ್ಟೆಯಲ್ಲಿ ಮೊದಲನೆಯ ದೊಡ್ಡ ಕೋಣೆ ರೂಮೆನ್. ಗಾಳಿಯಿಲ್ಲದ, ಬೆಚ್ಚಗಿನ, ಸದಾ ಕಲಕುತ್ತಿರುವ ಟ್ಯಾಂಕ್. ಬಯೊರಿಯಾಕ್ಟರ್ ಓದಿದವರಿಗೆ ತಕ್ಷಣ ಅರ್ಥವಾಗುತ್ತದೆ. ಅದರ ಒಂದು ಮಿಲಿಲೀಟರ್ ರಸದಲ್ಲಿ ಸುಮಾರು ಸಾವಿರ ಕೋಟಿ ಬ್ಯಾಕ್ಟೀರಿಯಾ ಇರುತ್ತವೆ. ಅವು ನಾರನ್ನು ಒಡೆದು ಸಣ್ಣ ಕೊಬ್ಬಿನ ಆಮ್ಲಗಳಾಗಿ ಮಾಡುತ್ತವೆ, ಆಡಿನ ಶಕ್ತಿಯ ದೊಡ್ಡ ಪಾಲು ಅಲ್ಲಿಂದಲೇ. ಕೊನೆಗೆ ಆ ಬ್ಯಾಕ್ಟೀರಿಯಾಗಳೂ ಮುಂದಿನ ಕೋಣೆಗೆ ಹರಿದು ಜೀರ್ಣವಾಗಿ ಆಡಿಗೆ ಪ್ರೋಟೀನ್ ಆಗುತ್ತವೆ. ಮನೆ ಕೊಟ್ಟು, ಊಟ ಹಾಕಿ, ಆಮೇಲೆ ತಿನ್ನುವುದು. ಮೆಚ್ನಿಕಾಫ್ ಶತ್ರು ಅಂದುಕೊಂಡ ಜನರೇ ಇಲ್ಲಿ ಅಡುಗೆಯವರು, ಅಡುಗೆಯೂ ಹೌದು. ರೂಮೆನ್ನಿನ ಈ ಜೀವಿಗಳನ್ನು ಗಾಳಿ ತಾಗದ ಹಾಗೆ ಲ್ಯಾಬಿನಲ್ಲಿ ಬೆಳೆಸುವ ವಿಧಾನವನ್ನು ಅಮೆರಿಕದ ರಾಬರ್ಟ್ ಹಂಗೇಟ್ ಕಂಡುಕೊಂಡದ್ದು 1940ರ ದಶಕದಲ್ಲಿ. ಮೆಚ್ನಿಕಾಫ್‌ಗೆ ಆ ಸಲಕರಣೆ ಇರಲಿಲ್ಲ, ಅದು ಅವನ ತಪ್ಪಲ್ಲ.

ಹುಟ್ಟಿದ ಮರಿಗೆ ಮಾತ್ರ ಇದೊಂದೂ ಇರುವುದಿಲ್ಲ. ಅದರ ರೂಮೆನ್ ಪುಟ್ಟ ಚೀಲ. ಕುಡಿದ ಹಾಲು ಅನ್ನನಾಳದ ತುದಿಯಲ್ಲಿ ಮಡಚಿಕೊಳ್ಳುವ ಒಂದು ಕಾಲುವೆಯ ಮೂಲಕ ಮೊದಲ ಕೋಣೆಗಳನ್ನು ದಾಟಿ ನೇರ ನಾಲ್ಕನೆಯ ಕೋಣೆಗೆ ಹೋಗುತ್ತದೆ. ಅಲ್ಲಿರುವ ರೆನಿನ್ ಕಿಣ್ವ ಹಾಲನ್ನು ಗಟ್ಟಿ ಮಾಡುತ್ತದೆ. ಗರ್ಭದಲ್ಲಿರುವಾಗ ತಾಯಿಯ ರಕ್ತದಿಂದ ರೋಗನಿರೋಧಕ ಪ್ರೋಟೀನುಗಳೂ ದಾಟಿ ಬರುವುದಿಲ್ಲ. ಹುಟ್ಟಿದ ಮೊದಲ ಕೆಲವು ಗಂಟೆಗಳಲ್ಲಿ ಕುಡಿಯುವ ಗಿಣ್ಣು ಹಾಲಲ್ಲೇ ಅದು ಸಿಗಬೇಕು, ಒಂದು ದಿನ ಕಳೆದರೆ ಕರುಳು ಆ ಬಾಗಿಲು ಮುಚ್ಚುತ್ತದೆ. ಆಮೇಲೆ ತಾಯಿ ನೆಕ್ಕಿ, ಇದು ತಾಯಿಯ ಮೊಲೆ, ಸೊಪ್ಪು, ನೆಲ ಎಲ್ಲ ನೆಕ್ಕಿ, ಬ್ಯಾಕ್ಟೀರಿಯಾ ಒಂದೊಂದೇ ಬಂದು ನೆಲೆಸುತ್ತವೆ. ರೂಮೆನ್ ಸರಿಯಾಗಿ ಕೆಲಸಕ್ಕೆ ಬರಲು ಎರಡು ತಿಂಗಳ ಹತ್ತಿರ ಬೇಕು. ಈ ನಡುವಿನ ಕಾಲ ಮರಿಗೆ ಅಪಾಯದ್ದು. ಬಿಡಾರ ಖಾಲಿ ಉಂಟು, ಒಳ್ಳೆಯವರೂ ಬರಬಹುದು, ಕೆಟ್ಟವರೂ ಬರಬಹುದು. ಮೇವಿನಲ್ಲಿ ಲ್ಯಾಕ್ಟೋಬ್ಯಾಸಿಲಸ್, ಯೀಸ್ಟ್ ಕೊಡುವುದರ ಹಿಂದಿನ ತರ್ಕ ಇಷ್ಟೇ, ಒಳ್ಳೆಯ ಒಕ್ಕಲನ್ನು ಮೊದಲು ಕೂರಿಸುವುದು. ಪಿಷ್ಟ, ಪ್ರೋಟೀನ್ ಒಡೆಯುವ ಕಿಣ್ವ ಸೇರಿಸುವುದು, ಮರಿಯ ಸ್ವಂತ ಕಿಣ್ವ ಸಾಲದಿರುವ ಆ ವಾರಗಳಿಗೆ ಕೈಸಾಲದ ಹಾಗೆ. ತಾಯಿ ಇಲ್ಲದ, ಬಾಟಲಿ ಹಾಲಿನ, ಸಾಗಾಟದಲ್ಲಿ ದಣಿದ ಮರಿಗಳಿಗೆ ಇದರಿಂದ ಉಪಯೋಗ ಕಂಡಿದ್ದುಂಟು. ತಾಯಿಯ ಜೊತೆ ಗಟ್ಟಿಯಾಗಿ ಬೆಳೆಯುತ್ತಿರುವ ಮರಿಗೆ ಅಂಥ ವ್ಯತ್ಯಾಸ ಕಾಣುವುದಿಲ್ಲ.

ಮೆಚ್ನಿಕಾಫ್‌ನ ಕೊನೆಯ ವರ್ಷಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ನೊಬೆಲ್ ಬಂದ ಮರುವರ್ಷ ರಷ್ಯಾಕ್ಕೆ ಹೋಗಿ ಟಾಲ್‌ಸ್ಟಾಯ್ ಮನೆಯಲ್ಲಿ ಒಂದು ದಿನ ಕಳೆದ. ಒಬ್ಬ ಸಾವನ್ನು ಧರ್ಮದಿಂದ ಎದುರಿಸಹೊರಟವ, ಇನ್ನೊಬ್ಬ ವಿಜ್ಞಾನದಿಂದ. ಇಬ್ಬರಿಗೂ ಪರಸ್ಪರ ಹೆಚ್ಚೇನೂ ಒಪ್ಪಿಗೆಯಾಗಲಿಲ್ಲ. 1914ರಲ್ಲಿ ಯುದ್ಧ ಶುರುವಾಗಿ ಸಂಸ್ಥೆಯ ಹುಡುಗರೆಲ್ಲ ಗಡಿಗೆ ಹೋದರು, ಲ್ಯಾಬು ಬರಿದಾಯಿತು. ಮುಪ್ಪನ್ನು ಮುಂದೂಡಲು ಹೊರಟವನ ಕಣ್ಣ ಮುಂದೆ ಇಪ್ಪತ್ತರ ಹುಡುಗರು ಸಾಯುತ್ತಿದ್ದರು. ಹೃದಯ ಸೋತಿತ್ತು. ಪ್ಯಾಸ್ಚರ್ ಬದುಕಿದ್ದ ಕೋಣೆಗಳಲ್ಲೇ ಅವನನ್ನು ಮಲಗಿಸಿದ್ದರು. 1916ರ ಜುಲೈಯಲ್ಲಿ, 71ನೇ ವಯಸ್ಸಿಗೆ ತೀರಿಕೊಂಡ. ಮೊಸರು ತಿಂದೂ ಎಪ್ಪತ್ತೊಂದೇ ಅಂತ ಆಡಿಕೊಂಡವರಿದ್ದರು. ಸಾಯುವ ಮೊದಲು ಪಕ್ಕದಲ್ಲಿದ್ದ ಡಾಕ್ಟರ್ ಗೆಳೆಯನಿಗೆ ಒಂದೇ ಕೆಲಸ ಹೇಳಿದ್ದ, ಹೆಣ ಕೊಯ್ಯುವಾಗ ಕರುಳನ್ನು ಸರಿಯಾಗಿ ಪರೀಕ್ಷಿಸಬೇಕು ಅಂತ. ತನ್ನ ಸಿದ್ಧಾಂತದ ಕೊನೆಯ ಸ್ಯಾಂಪಲ್ ತಾನೇ. ಅವನ ಬೂದಿ ಇರುವ ಕರಂಡಕ ಇಂದಿಗೂ ಪ್ಯಾಸ್ಚರ್ ಸಂಸ್ಥೆಯ ಲೈಬ್ರರಿಯಲ್ಲಿ ಉಂಟು.

ಅವನು ಹೋದ ಕೆಲವೇ ವರ್ಷಕ್ಕೆ, 1920ರ ಸುಮಾರಿನಲ್ಲಿ, ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಲಿಯೊ ರೆಟ್ಗರ್ ಮತ್ತು ಜೊತೆಗಾರರು ಬಲ್ಗೇರಿಯಾದ ಮೊಸರಿನ ಬ್ಯಾಕ್ಟೀರಿಯಾ ಕರುಳಿನಲ್ಲಿ ನೆಲೆ ನಿಲ್ಲುವುದೇ ಇಲ್ಲ ಎಂದು ತೋರಿಸಿದರು. ಬಸ್‌ಸ್ಟ್ಯಾಂಡಿಗೆ ಬಂದು ಹೋಗುವ ಪ್ರಯಾಣಿಕನ ಹಾಗೆ ಅದು. ಮೊಸರಿನ ಹುಚ್ಚು ಸ್ವಲ್ಪ ಇಳಿಯಿತು. ಪ್ರೊಬಯಾಟಿಕ್ ಎಂಬ ಪದವನ್ನು ಇವತ್ತಿನ ಅರ್ಥದ ಹತ್ತಿರ ತಂದದ್ದು 1974ರಲ್ಲಿ ಪಾರ್ಕರ್ ಎಂಬಾತ. ಅವನು ಬರೆದದ್ದು ಮನುಷ್ಯರ ಔಷಧಿಯ ಬಗ್ಗೆ ಅಲ್ಲ, ದನಕರುಗಳ ಮೇವಿನ ಬಗ್ಗೆ. ಆಗ ಮೇವಿಗೆ ಆ್ಯಂಟಿಬಯಾಟಿಕ್ ಸುರಿಯುವ ಕಾಲ, ಅದಕ್ಕೊಂದು ಪರ್ಯಾಯ ಬೇಕಾಗಿತ್ತು. ಅಂದರೆ ಈ ಪದ ಟಿವಿ ಜಾಹೀರಾತಿಗೆ ಬರುವ ಮೊದಲು ಹಟ್ಟಿಯಲ್ಲೇ ಇತ್ತು.

ಪಶು ಆಸ್ಪತ್ರೆಯಲ್ಲಿ ಆದದ್ದು ಹೇಳುತ್ತೇನೆ ಅಂದಿದ್ದೆ. ಡಾಕ್ಟರು ಮರಿಯ ಚರ್ಮ ಹಿಡಿದೆಳೆದು ನೋಡಿದರು, ಮೈಯಲ್ಲಿ ನೀರಿಲ್ಲ. ಬೇಧಿಯ ಒಂದು ಹನಿ ಗಾಜಿನ ಮೇಲೆ ಹಚ್ಚಿ ಮೈಕ್ರೊಸ್ಕೋಪಿಗಿಟ್ಟು ನನ್ನನ್ನೂ ಕರೆದರು. ಉರುಟುರುಟು ಮೊಟ್ಟೆಯಂಥವು ತುಂಬ ಕಂಡವು. ಕಾಕ್ಸಿಡಿಯಾ. ಬ್ಯಾಕ್ಟೀರಿಯಾ ಅಲ್ಲ, ಏಕಕೋಶದ ಪರಾವಲಂಬಿ. ಒದ್ದೆ ಹಟ್ಟಿಯ ನೆಲದಿಂದ ಮರಿಯ ಬಾಯಿಗೆ ಹೋಗಿ ಕರುಳಿನ ಗೋಡೆಯ ಕೋಶದ ಒಳಗೇ ಕೂತು ಒಡೆಯುತ್ತದೆ. ಕರುಳಿನ ಕೊಳವೆಯಲ್ಲಿ ಎಷ್ಟು ಕೋಟಿ ಲ್ಯಾಕ್ಟೋಬ್ಯಾಸಿಲಸ್ ಸುರಿದರೂ ಕೋಶದೊಳಗೆ ಕೂತದ್ದನ್ನು ಅದು ಎಬ್ಬಿಸಲಾರದು. ಅದಕ್ಕೆ ಬೇರೆಯೇ ಮದ್ದು. ಮದ್ದಿಗಿಂತ ಮೊದಲು ಉಪ್ಪು ಸಕ್ಕರೆಯ ನೀರು. ಪ್ಯಾಕೆಟ್ ತೋರಿಸಿದೆ. ಇದೇನೂ ಕೆಟ್ಟದ್ದಲ್ಲ, ಮರಿ ಚೇತರಿಸಿದ ಮೇಲೆ ಬೇಕಾದರೆ ಕೊಡು, ಆದರೆ ಬೇಧಿ ಅಂತ ಗೊತ್ತಾದ ದಿನವೇ ಹನಿ ತಂದಿದ್ದರೆ ಎರಡೂ ಉಳಿಯುತ್ತಿದ್ದವು ಅಂದರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಹಟ್ಟಿಯ ನೆಲಕ್ಕೆ ಈಗ ಅಡಿಕೆ ಮರದ ಸಲಾಕೆಗಳ ಅಟ್ಟಣಿಗೆ ಹಾಕಿದ್ದೇವೆ, ಹಿಕ್ಕೆ ಕೆಳಗೆ ಬೀಳುತ್ತದೆ, ಮರಿ ಒಣಗಿದ ಜಾಗದಲ್ಲಿ ಮಲಗುತ್ತದೆ. ಉಳಿದ ಮರಿ ಸೆಪ್ಟೆಂಬರಿನಲ್ಲಿ ಹಲಸಿನ ಸೊಪ್ಪು ತಿಂದು ಮಲಗಿ ಮೆಲುಕು ಹಾಕಲು ಶುರುಮಾಡಿತು. ಅಮ್ಮನಿಗೆ ತೋರಿಸಿ, ನೋಡಿ ರೂಮೆನ್ ಸ್ಟಾರ್ಟ್ ಆಯಿತು ಅಂದೆ. ಅರ್ಧ ಉಳಿದ ಪ್ಯಾಕೆಟ್ ಅಟ್ಟದ ಮೇಲೆ ಹಾಗೆಯೇ ಉಂಟು, ಅದರ ತಾರೀಕು ಬರುವ ಮಾರ್ಚಿಗೆ ಮುಗಿಯುತ್ತದೆ.